ನೋಯದ ಕಾಯಿಲೆಗೆ ನೋವು ಬರಲಿ ಎಂದು ಕಾಯುವುದೇಕೆ? ದಂತವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯರೇ,

ಸವಿನಯ ನಮಸ್ಕಾರಗಳು.

ಕಳೆದ ವರ್ಷ ನನ್ನ ಎಡಬದಿಯ ಕೆಳಗಿನ ಒಂದು ದವಡೆ ಹಲ್ಲನ್ನು ಕೀಳಬೇಕಾಯಿತು. ಕಿತ್ತ ಹಲ್ಲನ್ನು ಒಮ್ಮೆ ನೋಡುತ್ತೇನೆ ಎಂದು ಕೇಳಿದೆ. ಸಣ್ಣ ಬಟ್ಟಲಲ್ಲಿಟ್ಟು ತೋರಿಸಿದರು. ಅದರಲ್ಲಿ ಎಲ್ಲೂ ಹುಳುಕಿರಲಿಲ್ಲ, ಬಿರುಕಿರಲಿಲ್ಲ. ಮೇಲ್ಭಾಗ ಗಟ್ಟಿಮುಟ್ಟಾಗಿತ್ತು. ಬೇರಿನ ಮೇಲೆ ಮಾತ್ರ, ಹೆಚ್ಚುಕಡಿಮೆ ತುದಿಯವರೆಗೂ, ಕಪ್ಪು ಹಸಿರು ಬಣ್ಣದ ಗಾರೆ ಅಂಟಿಕೊಂಡಿತ್ತು. ಹಲ್ಲಿಗೆ ಏನೂ ಆಗಿರಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದ ಮೂಳೆ ಕರಗಿ ಹೋಗಿತ್ತು. ನನಗಾಗ 47 ವರ್ಷ.

ಒಂದು ಹಲ್ಲು ಹೋಯಿತು ಎಂಬ ಬೇಸರಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಹಲ್ಲು ಹೋಗುವ ಮುಂಚಿನ 11 ವರ್ಷಗಳಲ್ಲಿ ನಾನು ಏಳು ಸಲ ನಿಮ್ಮವರಲ್ಲಿ ಒಬ್ಬರಲ್ಲ ಒಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಮೂರು ಸಲ ಹುಳುಕು ತುಂಬಿಸಿಕೊಂಡೆ. ಎರಡು ಸಲ ಒಂದೇ ಹಲ್ಲಿನ ಬೇರುನಾಳದ ಚಿಕಿತ್ಸೆಗೆ ಹೋದೆ. ಒಮ್ಮೆ ಕ್ಯಾಪ್ ಕೂರಿಸಿಕೊಂಡೆ. ಇನ್ನೊಮ್ಮೆ ಮನೆಯಲ್ಲಿ ಮದುವೆಯಿದೆಯೆಂದು ಹಲ್ಲು ಕ್ಲೀನ್ ಮಾಡಿಸಿಕೊಂಡೆ. ಮೂವರು ಬೇರೆ ಬೇರೆ ವೈದ್ಯರು. ಯಾರೂ ಒರಟಾಗಿ ಮಾತನಾಡಲಿಲ್ಲ, ಹೋದ ಕೆಲಸವನ್ನು ಎಲ್ಲರೂ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಆದರೆ ಈ ಏಳು ಸಲದಲ್ಲಿ ಒಮ್ಮೆಯೂ ಯಾರೂ ನನ್ನ ವಸಡಿನ ಆಳವನ್ನು ಅಳೆಯಲಿಲ್ಲ. ವಸಡಿಗೂ ಒಂದು ಅಳತೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನೀವು.

ಕ್ಲೀನ್ ಮಾಡಿಸಿಕೊಂಡ ದಿನ ಹೊರಡುವಾಗ ವೈದ್ಯರು ಒಂದು ಮಾತು ಹೇಳಿದ್ದರು: “ಆಗಾಗ ಬಂದು ತೋರಿಸ್ತಾ ಇರಿ.” ನಾನು ತಲೆಯಾಡಿಸಿ ಬಂದೆ. ಆಮೇಲೆ ನಾಲ್ಕು ವರ್ಷ ಹೋಗಲಿಲ್ಲ. “ಆಗಾಗ” ಎಂಬುದಕ್ಕೆ ದಿನಾಂಕವಿಲ್ಲ. ಅದು ಮೂರು ತಿಂಗಳೂ ಆಗಬಹುದು, ಮೂರು ವರ್ಷವೂ ಆಗಬಹುದು. ಕಣ್ಣಿನ ಡಾಕ್ಟರು ಕನ್ನಡಕದ ನಂಬರು ಬರೆದುಕೊಡುತ್ತಾರೆ, ರಕ್ತದೊತ್ತಡ ನೋಡುವವರು ಎರಡು ಅಂಕಿ ಬರೆದು ಮುಂದಿನ ತಿಂಗಳು ಇಂಥ ದಿನ ಬನ್ನಿ ಎನ್ನುತ್ತಾರೆ. ಬಾಯಿಯ ವಿಷಯಕ್ಕೆ ಬಂದಾಗ ಮಾತ್ರ ನನಗೆ ಸಿಕ್ಕಿದ್ದು ಅಂಕಿಯೂ ಇಲ್ಲದ, ದಿನಾಂಕವೂ ಇಲ್ಲದ ಒಂದು “ಆಗಾಗ”.

ಕೊನೆಗೆ ಮುಂದಿನ ಎರಡು ಹಲ್ಲುಗಳ ನಡುವೆ ಹಿಂದಿಲ್ಲದ ಸಂದು ಕಾಣಿಸಿಕೊಂಡು, ಕೆಳಗಿನ ಆ ದವಡೆ ಹಲ್ಲು ನಾಲಿಗೆ ತಾಗಿದರೆ ಅಲುಗುವಂತಾದಾಗ ವಸಡಿನ ತಜ್ಞೆಯೊಬ್ಬರ ಬಳಿ ಹೋದೆ. ಅವರು ಗೆರೆಗಳಿದ್ದ ಒಂದು ಸಪೂರ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸುತ್ತ ಅಂಕಿಗಳನ್ನು ಹೇಳುತ್ತ ಹೋದರು, ಸಹಾಯಕಿ ಬರೆದುಕೊಂಡರು. ಒಂದು ಹಲ್ಲಿಗೆ ಆರು ಕಡೆ: ಹೊರಗೆ ಮೂರು, ಒಳಗೆ ಮೂರು. “ಮೂರು, ಎರಡು, ಮೂರು. ಮೂರು, ಮೂರು, ಐದು. ರಕ್ತ. ಆರು, ನಾಲ್ಕು, ಎಂಟು. ರಕ್ತ.” ನನಗಿದ್ದದ್ದು 28 ಹಲ್ಲು, ಒಟ್ಟು 168 ಅಂಕಿ. ಹತ್ತು ಹದಿನೈದು ನಿಮಿಷ ಹಿಡಿದಿರಬಹುದು. ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಸರಿ, ನಾಲ್ಕಾದರೆ ಎಚ್ಚರ, ಅದಕ್ಕಿಂತ ಆಳ ಹೋದಷ್ಟೂ ಅಲ್ಲಿ ಚೀಲದಂತೆ ಸಂದು ಬಿಟ್ಟಿದೆ ಎಂದರ್ಥ ಎಂದು ವಿವರಿಸಿದರು. ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಎಲ್ಲಿರಬೇಕಿತ್ತು, ಈಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. “ಇದು ಒಂದು ವರ್ಷದ್ದಲ್ಲ, ಹತ್ತು ವರ್ಷದ್ದಾದರೂ ಇರಬೇಕು” ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಹತ್ತು ವರ್ಷಗಳಲ್ಲಿ ನಾನು ನಿಮ್ಮ ಬಳಿ ಬರುತ್ತಲೇ ಇದ್ದೆ.

ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಬೆಳಗ್ಗೆ ಉಗುಳಿದ ನೊರೆಯಲ್ಲಿ ಕೆಂಪು ಬೆರೆತದ್ದನ್ನು ವರ್ಷಗಟ್ಟಲೆ ನೋಡಿದ್ದೇನೆ. ಬ್ರಶ್ ಗಡುಸಾಯಿತೇನೋ ಎಂದುಕೊಂಡು ಮೆತ್ತನೆಯದನ್ನು ತಂದೆ. ರಕ್ತ ಬರುವ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಕಡಿಮೆ ಮಾಡಿದೆ. ಮಾಡಬೇಕಿದ್ದದ್ದು ಅದರ ತದ್ವಿರುದ್ಧ ಎಂದು ಈಗ ಗೊತ್ತಾಗಿದೆ: ರಕ್ತ ಬರುವ ಜಾಗವೇ ಸರಿಯಾಗಿ ಶುಚಿಯಾಗದ ಜಾಗ. ಅಂಗೈ ತೊಳೆಯುವಾಗಲೆಲ್ಲ ರಕ್ತ ಬಂದಿದ್ದರೆ ಮರುದಿನವೇ ಓಡಿ ಹೋಗುತ್ತಿದ್ದೆ. ಬಾಯಲ್ಲಿ ಬಂದರೆ “ಎಲ್ಲರಿಗೂ ಬರುತ್ತೆ ಬಿಡಿ” ಎಂದು ಸುಮ್ಮನಿದ್ದೆ. ಹೀಗೆ ಸುಮ್ಮನಿರುವವರು ಎಷ್ಟು ಜನ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ವಸಡಿನ ಈ ಕಾಯಿಲೆಯ ಸ್ವಭಾವವೇ ಹಾಗೆ. ಹಲ್ಲಿನ ಮೇಲೆ ದಿನವೂ ಬ್ಯಾಕ್ಟೀರಿಯಾಗಳ ಜಿಗುಟು ಪದರವೊಂದು ಕಟ್ಟುತ್ತದೆ. ಅದೇ ಪಾಚಿ. ಉಜ್ಜಿದರೆ ಹೋಗುತ್ತದೆ. ಉಜ್ಜದೆ ಉಳಿದದ್ದು ಜೊಲ್ಲಿನಲ್ಲಿರುವ ಖನಿಜಗಳನ್ನು ಹೀರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಗಾರೆಯಾಗುತ್ತದೆ. ಒಮ್ಮೆ ಗಾರೆಯಾಯಿತೆಂದರೆ ಯಾವ ಬ್ರಶ್ಶಿಗೂ ಯಾವ ಪೇಸ್ಟಿಗೂ ಅದು ಬಗ್ಗುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಇನ್ನೂ ಸುಲಭವಾಗಿ ಕೂರುತ್ತದೆ. ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುವುದು ಮೊದಲ ಹಂತ. ಇಲ್ಲಿಯವರೆಗೆ ಆದದ್ದನ್ನೆಲ್ಲ ಹಿಂದಕ್ಕೆ ತರಬಹುದು. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಎಂಬ ದಂತ ಸಂಶೋಧಕರು ಮತ್ತು ಸಂಗಡಿಗರು ಆರೋಗ್ಯವಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಮೊದಲ ಹಂತವನ್ನು ಹಿಂದಿರುಗಿಸುವುದು ಇಷ್ಟು ಸುಲಭ. ಆದರೆ ಊತ ಒಳಗಿಳಿದು, ಹಲ್ಲನ್ನು ಮೂಳೆಗೆ ಬಿಗಿದಿರುವ ನಾರುಗಳು ಬಿಟ್ಟುಕೊಂಡು, ಮೂಳೆ ಕರಗಲು ಶುರುವಾಯಿತೋ, ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಅಲ್ಲಲ್ಲಿ ಸ್ವಲ್ಪ ಮರಳಿಸಬಹುದು, ಎಲ್ಲ ಕಡೆಯೂ ಅಲ್ಲ. ಆಮೇಲೆ ನಾವು ಮಾಡುವುದೇನಿದ್ದರೂ ಇದ್ದದ್ದನ್ನು ಉಳಿಸಿಕೊಳ್ಳುವ ಕೆಲಸ.

ಈ ಎರಡು ಹಂತಗಳ ನಡುವಿನ ಗೆರೆ ದಾಟುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಹುಳುಕು ಹಲ್ಲು ನರಕ್ಕೆ ತಾಗಿದರೆ ರಾತ್ರಿಯಿಡೀ ನಿದ್ದೆಗೆಡಿಸುತ್ತದೆ. ವಸಡು ವರ್ಷಗಳ ಕಾಲ ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ನಾವು ನಿಮ್ಮ ಬಳಿ ಬರುವುದು ನೋವು ಬಂದಾಗ. ನೀವು ನೋಡುವುದು ನಾವು ಬೆರಳಿಟ್ಟು ತೋರಿಸಿದ ಹಲ್ಲನ್ನು. ಹೀಗಾಗಿ ನೋಯದ ಕಾಯಿಲೆ ನಮ್ಮಿಬ್ಬರ ಕಣ್ಣನ್ನೂ ತಪ್ಪಿಸಿ ಬೆಳೆಯುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಹಲ್ಲು ಅಲ್ಲಾಡತೊಡಗಿದ ಮೇಲೆ ವಸಡಿನ ಮಾತು ಬರುತ್ತದೆ. ನನ್ನ ದೂರು ಇರುವುದು ಇಲ್ಲಿ. ನೋವು ಬಂದರೆ ಬನ್ನಿ ಎಂಬ ಪದ್ಧತಿ ಹುಳುಕಿಗೆ ಒಂದಿಷ್ಟಾದರೂ ಹೊಂದೀತು, ವಸಡಿಗೆ ಖಂಡಿತ ಹೊಂದುವುದಿಲ್ಲ.

“ದಿನಕ್ಕೆರಡು ಸಲ ಚೆನ್ನಾಗಿ ಉಜ್ಜಿದರೆ ಸಾಲದೇ?” ಎಂದು ನಮ್ಮಂಥವರು ಕೇಳುತ್ತೇವೆ. ಉಜ್ಜುವುದೇ ಅಡಿಪಾಯ, ಅನುಮಾನವಿಲ್ಲ. ಆದರೆ ಬ್ರಶ್ಶಿನ ಎಳೆಗಳು ವಸಡಿನ ಅಂಚಿನಿಂದ ಒಳಕ್ಕೆ ಹೆಚ್ಚೆಂದರೆ ಮಿಲಿಮೀಟರಿನಷ್ಟು ಹೋಗಬಹುದು. ಐದು ಮಿಲಿಮೀಟರ್ ಆಳದ ಸಂದಿಯ ತಳವನ್ನು ಅವು ಮುಟ್ಟುವುದೇ ಇಲ್ಲ. ಬಾಯಿ ಮುಕ್ಕಳಿಸುವ ಔಷಧಿಯೂ ಅಲ್ಲಿಗೆ ಇಳಿಯುವುದಿಲ್ಲ. ಹಲ್ಲು ಹಲ್ಲಿನ ನಡುವಿನ ಜಾಗಕ್ಕೆ ಬೇರೆಯೇ ಸಣ್ಣ ಬ್ರಶ್ ಬೇಕು, ಅದೂ ಸಂದಿಯ ಅಳತೆಗೆ ತಕ್ಕದ್ದು. ಯಾವ ಸಂದಿಗೆ ಯಾವ ಅಳತೆ ಎಂದು ನಮ್ಮ ಬಾಯಿ ನೋಡಿದವರೇ ಹೇಳಬೇಕು. ಹಾಗಾಗಿ ಮನೆಯ ಆರೈಕೆ ಮತ್ತು ನಿಮ್ಮ ಆರೈಕೆ ಎರಡೂ ಒಂದಕ್ಕೊಂದು ಹೆಗಲು ಕೊಡುವಂಥವು. ನಾನು ಉಜ್ಜದೆ ಹೋದರೆ ನೀವು ಮಾಡಿದ ಶುಚಿ ಕೆಲವು ವಾರಗಳಲ್ಲೇ ವ್ಯರ್ಥ. ನೀವು ಅಳೆಯದೆ ಹೋದರೆ ನಾನೆಷ್ಟು ಉಜ್ಜಿದರೂ ಒಳಗೇನಾಗುತ್ತಿದೆ ಎಂಬುದು ನನಗೆ ತಿಳಿಯುವುದೇ ಇಲ್ಲ.

ಆರೈಕೆಯೇ ಸಿಗದಿದ್ದರೆ ಏನಾಗುತ್ತದೆ, ಕ್ರಮವಾಗಿ ಸಿಕ್ಕರೆ ಏನಾಗುತ್ತದೆ ಎಂಬ ಎರಡಕ್ಕೂ ನಿಮ್ಮ ಶಾಸ್ತ್ರದಲ್ಲೇ ದೊಡ್ಡ ಸಾಕ್ಷಿಗಳಿವೆ. ಹಲ್ಲು ಹೋದ ಮೇಲೆ ನಾನು ಅವನ್ನು ಹುಡುಕಿ ಓದಿದೆ. ಅದೇ ಲೋ ಅವರ ತಂಡ 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರ ಬಾಯಿಯನ್ನು ಅಳೆಯುತ್ತ ಬಂತು. ಅವರಿಗೆ ಹಲ್ಲಿನ ವೈದ್ಯಕೀಯ ಸೇವೆಯೇ ಇರಲಿಲ್ಲ, ನಾವು ಮಾಡುವಂತೆ ಉಜ್ಜುವ ರೂಢಿಯೂ ಇರಲಿಲ್ಲ. ಶೇಕಡಾ 8ರಷ್ಟು ಜನರಲ್ಲಿ ಕಾಯಿಲೆ ವೇಗವಾಗಿ ಹಬ್ಬಿತು, ಶೇಕಡಾ 81ರಷ್ಟು ಜನರಲ್ಲಿ ಮಧ್ಯಮ ಗತಿಯಲ್ಲಿ, ಶೇಕಡಾ 11ರಷ್ಟು ಜನರಲ್ಲಿ ವಸಡಿನ ಊತದಿಂದಾಚೆಗೆ ಹೋಗಲೇ ಇಲ್ಲ. ಅವರ ಪಾಡನ್ನು ಓದುವಾಗ ನನಗೆ ಸಂಕಟವಾಯಿತು. ಅಳೆಯಲು ಜನ ಬಂದರು, ಆರೈಕೆ ಬರಲಿಲ್ಲ. ಆದರೆ ಆ ಅಂಕಿಗಳು ಹೇಳುವುದನ್ನು ಮರೆಯಬಾರದು. ಒಂದೇ ಕೆಲಸ, ಒಂದೇ ಬಗೆಯ ಬದುಕು, ಒಂದೇ ರೀತಿಯ ಅಲಕ್ಷ್ಯ ಇದ್ದರೂ ಒಬ್ಬೊಬ್ಬರ ವಸಡು ಒಂದೊಂದು ಗತಿಯಲ್ಲಿ ಕೆಡುತ್ತದೆ. ನಾನು ಆ ಎಂಟರಲ್ಲಿ ಒಬ್ಬನೋ ಹನ್ನೊಂದರಲ್ಲಿ ಒಬ್ಬನೋ ಎಂಬುದು ಕನ್ನಡಿ ನೋಡಿದರೆ ತಿಳಿಯುವುದಿಲ್ಲ. ಅಳೆದು, ಬರೆದಿಟ್ಟು, ಮತ್ತೆ ಅಳೆದು ಹೋಲಿಸಿದರೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಸಾಕ್ಷಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಪಟ್ಟಣದ್ದು. ಪೆರ್ ಆಕ್ಸೆಲ್ಸನ್ ಮತ್ತು ಯಾನ್ ಲಿಂಡೆ ಎಂಬ ದಂತ ಸಂಶೋಧಕರು 1970ರ ದಶಕದ ಆರಂಭದಲ್ಲಿ 375 ಜನರನ್ನು ಕ್ರಮಬದ್ಧ ಆರೈಕೆಗೆ ಸೇರಿಸಿಕೊಂಡರು. ಇನ್ನು 180 ಜನ ವರ್ಷಕ್ಕೊಮ್ಮೆ ಬಂದು ತೊಂದರೆ ಇದ್ದದ್ದಕ್ಕೆ ಮಾತ್ರ ಚಿಕಿತ್ಸೆ ಪಡೆದರು. ಆರು ವರ್ಷ ಕಳೆಯುವಷ್ಟರಲ್ಲಿ ವ್ಯತ್ಯಾಸ ಎಷ್ಟು ನಿಚ್ಚಳವಾಗಿತ್ತೆಂದರೆ, ಎರಡನೆಯ ಗುಂಪಿನವರಲ್ಲಿ ಹುಳುಕೂ ಹೆಚ್ಚಿತ್ತು, ವಸಡಿನ ಹಿಡಿತವೂ ಸಡಿಲಿತ್ತು. ಮೊದಲ ಗುಂಪಿನವರಲ್ಲಿ ಎರಡೂ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆ ಗುಂಪನ್ನು 30 ವರ್ಷದವರೆಗೂ ನೋಡಿಕೊಂಡರು. ಅಲ್ಲಿಯವರೆಗೆ ಉಳಿದ 257 ಜನರಲ್ಲಿ ಮೂವತ್ತು ವರ್ಷಕ್ಕೆ ಕಳೆದುಕೊಂಡ ಹಲ್ಲು ವಯಸ್ಸಿನ ಗುಂಪಿಗೆ ತಕ್ಕಂತೆ ಸರಾಸರಿ 0.4ರಿಂದ 1.8. ಅದಕ್ಕೂ ಮುಖ್ಯ ಕಾರಣ ಬೇರು ಮುರಿದದ್ದು, ವಸಡಿನ ಕಾಯಿಲೆಯಲ್ಲ. ಮೂವತ್ತು ವರ್ಷಕ್ಕೆ ಎರಡು ಹಲ್ಲು ಕೂಡ ಇಲ್ಲ! ನಾನು ಈ ಸಾಲನ್ನು ಎರಡೆರಡು ಸಲ ಓದಿದೆ.

ಅಲ್ಲಿ ಅವರು ಮಾಡಿದ್ದು ಪವಾಡವಲ್ಲ. ಮೊದಲ ಎರಡು ವರ್ಷ ಎರಡು ತಿಂಗಳಿಗೊಮ್ಮೆ ಕರೆದರು. ಆಮೇಲೆ ಒಬ್ಬೊಬ್ಬರ ಅಗತ್ಯ ನೋಡಿ ಮೂರರಿಂದ ಹನ್ನೆರಡು ತಿಂಗಳಿಗೊಮ್ಮೆ. ಪ್ರತಿ ಸಲವೂ ಹೇಗೆ ಉಜ್ಜಬೇಕು, ಎಲ್ಲಿ ತಪ್ಪುತ್ತಿದೆ ಎಂದು ಅವರವರ ಬಾಯಿಯಲ್ಲೇ ತೋರಿಸಿಕೊಟ್ಟರು. ಉಳಿದ ಪಾಚಿಯನ್ನು ತಾವೇ ತೆಗೆದರು. ಕಲಿಸುವುದು ಮತ್ತು ಕರೆಯುವುದು, ಈ ಎರಡನ್ನು ಬಿಟ್ಟು ಬರೀ ಯಂತ್ರ ಹಿಡಿದು ಶುಚಿ ಮಾಡಿದ್ದರೆ ಈ ಫಲ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಹಾಗೆನ್ನಲು ಕಾರಣವಿದೆ, ಅದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಎಲ್ಲರಿಗೂ ಆರು ತಿಂಗಳಿಗೊಮ್ಮೆ ಸ್ಕೇಲಿಂಗ್, ಅಂದರೆ ಗಾರೆ ತೆಗೆಯುವ ಶುಚಿ, ಆಗಲೇಬೇಕು ಎಂಬ ಮಾತಿಗೆ ಆಧಾರ ತೆಳುವಾಗಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2018ರ ಪರಿಶೀಲನೆ ನೋಡಿದರೆ, ತೀವ್ರವಾದ ವಸಡಿನ ಕಾಯಿಲೆ ಇಲ್ಲದ, ದಂತವೈದ್ಯರ ಬಳಿ ಕ್ರಮವಾಗಿ ಹೋಗುವ ವಯಸ್ಕರಲ್ಲಿ ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ಸ್ಕೇಲಿಂಗ್ ಮಾಡಿಸಿದ್ದಕ್ಕೂ ನಿಗದಿಯಾಗಿ ಮಾಡಿಸದೇ ಇದ್ದದ್ದಕ್ಕೂ ಎರಡು ಮೂರು ವರ್ಷಗಳಲ್ಲಿ ವಸಡಿನ ಊತದಲ್ಲಾಗಲಿ ರಕ್ತಸ್ರಾವದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ವಯಸ್ಕರ ತಪಾಸಣೆಯ ಅಂತರವನ್ನು ಅವರವರ ಅಪಾಯಕ್ಕೆ ತಕ್ಕಂತೆ ಮೂರು ತಿಂಗಳಿಂದ ಇಪ್ಪತ್ತನಾಲ್ಕು ತಿಂಗಳವರೆಗೆ ಇಡಬಹುದು ಎಂದು ಹೇಳಿತ್ತು. ಇದನ್ನೆಲ್ಲ ಬರೆದರೆ ನನ್ನ ವಾದಕ್ಕೇ ಪೆಟ್ಟು ಎಂದು ಯಾರಿಗಾದರೂ ಅನ್ನಿಸಬಹುದು. ಹಾಗಲ್ಲ. ಆ ಅಧ್ಯಯನಗಳಲ್ಲಿದ್ದವರು ತಪಾಸಣೆಗೆ ಹೋಗುತ್ತಿದ್ದವರು. ಕಾಯಿಲೆ ತೀವ್ರವಾಗಿಲ್ಲ ಎಂದು ನೋಡಿ ಆರಿಸಿದವರು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಅಳೆಯದೆ ಎಲ್ಲರಿಗೂ ಒಂದೇ ಆರು ತಿಂಗಳು ಹೇಳುವುದೂ ತಪ್ಪು, ಅಳೆಯದೆ “ಆಗಾಗ” ಎಂದು ಕಳಿಸುವುದೂ ತಪ್ಪು. ಮೊದಲನೆಯದರಿಂದ ಅಗತ್ಯವಿಲ್ಲದವರ ದುಡ್ಡು ಹೋಗುತ್ತದೆ, ಎರಡನೆಯದರಿಂದ ಅಗತ್ಯವಿದ್ದವರ ಹಲ್ಲು ಹೋಗುತ್ತದೆ. ದುಡ್ಡಿಗಾಗಿ ಕರೆಯುತ್ತಾರೆ ಎಂಬ ಜನರ ಅನುಮಾನ ನಿಮಗೂ ಗೊತ್ತಿದೆ. ಅಂಕಿಯನ್ನು ಬರೆದು ಕೈಗಿಟ್ಟರೆ ಆ ಅನುಮಾನಕ್ಕೆ ಜಾಗವಿರುವುದಿಲ್ಲ.

ಜನರಲ್ಲಿರುವ ಇನ್ನೊಂದು ಭಯವನ್ನೂ ನೀವೇ ತೆಗೆಯಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂದು ನನ್ನ ಚಿಕ್ಕಮ್ಮ ಕೊನೆಯವರೆಗೂ ನಂಬಿದ್ದರು. ಒಮ್ಮೆ ಮಾಡಿಸಿಕೊಂಡಿದ್ದರು, ಆಮೇಲೆ ಹಲ್ಲಿನ ನಡುವೆ ಗಾಳಿ ಹೋದಂತಾಯಿತು, ಜುಮ್ಮೆಂದಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರಿಗೆ ಆ ದಿನ ಯಾರಾದರೂ ಎರಡು ನಿಮಿಷ ಕೂತು ಹೇಳಬಹುದಿತ್ತು: ಅಮ್ಮಾ, ಆ ಸಂದು ಮೊದಲೇ ಇತ್ತು, ಗಾರೆ ಅದನ್ನು ಮುಚ್ಚಿಕೊಂಡಿತ್ತು, ಊದಿದ ವಸಡು ಇಳಿದಾಗ ಹಲ್ಲು ಉದ್ದವಾದಂತೆ ಕಾಣುತ್ತದೆ, ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ, ಹಲ್ಲನ್ನು ಸಡಿಲ ಮಾಡಿದ್ದು ಗಾರೆಯ ಕೆಳಗೆ ನಡೆದ ಕಾಯಿಲೆ. ಯಾರೂ ಹೇಳಲಿಲ್ಲ. ಅವರು ಕೊನೆಯ ಹದಿನೈದು ವರ್ಷ ಕಟ್ಟಿಸಿದ ಹಲ್ಲಿನಲ್ಲಿ ಕಳೆದರು.

ಈ ಪತ್ರದ ಒಂದು ಪ್ಯಾರಾ ಸಕ್ಕರೆ ಕಾಯಿಲೆ ನೋಡುವ ವೈದ್ಯರಿಗೂ ಸೇರಲಿ. ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಪ್ರತಿ ಭೇಟಿಯಲ್ಲೂ ಪಾದ ನೋಡುತ್ತಾರೆ, ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರಪಿಂಡದ ಪರೀಕ್ಷೆ. ಎಲ್ಲವೂ ಸರಿ. ಬಾಯಿ ತೆರೆಯಿರಿ ಎಂದು ಇದುವರೆಗೆ ಯಾರೂ ಹೇಳಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡಿನ ಊತ ಮುಂದುವರಿದರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ಈ ಎರಡು ಬದಿಯ ನಂಟನ್ನು ದಶಕಗಳಿಂದ ಬಲ್ಲೆವು. 2022ರ ಕೊಕ್ರೇನ್ ಪರಿಶೀಲನೆಯಲ್ಲಿ ವಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆಯ ಅಂಕಿ) ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿದದ್ದು ಕಂಡುಬಂದಿದೆ. ಇಷ್ಟು ಇಳಿಸಲು ಎಷ್ಟು ಪಡಿಪಾಟಲು ಪಡಬೇಕು ಎಂಬುದು ಸಕ್ಕರೆ ಕಾಯಿಲೆಯವರಿಗೆ ಗೊತ್ತು. ಔಷಧಿ ಚೀಟಿ ಬರೆಯುವಾಗ “ಉಜ್ಜುವಾಗ ರಕ್ತ ಬರುತ್ತದೆಯೇ, ಹಲ್ಲು ಅಲ್ಲಾಡುತ್ತದೆಯೇ, ಕಳೆದ ಸಲ ವಸಡು ತೋರಿಸಿದ್ದು ಯಾವಾಗ” ಎಂದು ಮೂರೇ ಪ್ರಶ್ನೆ ಕೇಳಿ ದಂತವೈದ್ಯರಿಗೆ ಒಂದು ಸಾಲು ಬರೆದುಕೊಡಿ. ಧೂಮಪಾನಿಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಅವರ ವಸಡಿಗೆ ಕಾಯಿಲೆ ಹೆಚ್ಚು, ರಕ್ತ ಬರುವುದು ಮಾತ್ರ ಕಡಿಮೆ. ನಮಗಿರುವ ಆ ಒಂದೇ ಮುನ್ಸೂಚನೆಯೂ ಅವರಿಗೆ ಸಿಗುವುದಿಲ್ಲ.

ಇನ್ನು ನನ್ನ ಬೇಡಿಕೆಗಳು.

ಯಾವ ತೊಂದರೆಗೆ ಬಂದವರಾದರೂ ಸರಿ, ಹೊಸದಾಗಿ ಬಂದ ಪ್ರತಿ ವಯಸ್ಕರ ವಸಡಿಗೂ ಒಮ್ಮೆ ಆ ಗೆರೆಯ ಕಡ್ಡಿ ತಾಗಲಿ. ಎಲ್ಲರಿಗೂ 168 ಅಂಕಿ ಬರೆಯಬೇಕೆಂದು ನಾನು ಕೇಳುತ್ತಿಲ್ಲ. ಬಾಯನ್ನು ಆರು ಭಾಗ ಮಾಡಿ, ಒಂದೊಂದು ಭಾಗದ ಅತಿ ಕೆಟ್ಟ ಜಾಗಕ್ಕೆ ಒಂದು ಅಂಕಿ ಕೊಡುವ ಚಿಕ್ಕ ತಪಾಸಣೆ ನಿಮ್ಮಲ್ಲೇ ಇದೆ, ಕೆಲವೇ ನಿಮಿಷದ ಕೆಲಸ. ಅದರಲ್ಲಿ ಅನುಮಾನ ಬಂದವರಿಗೆ ಪೂರ್ತಿ ಅಳತೆ ಆಗಲಿ. ನನ್ನ ಏಳು ಭೇಟಿಗಳಲ್ಲಿ ಮೊದಲನೆಯದರಲ್ಲೇ ಇಷ್ಟು ನಡೆದಿದ್ದರೆ ಆ ಹಲ್ಲು ಇಂದು ಬಾಯಲ್ಲಿರುತ್ತಿತ್ತು ಎಂದೇ ನನ್ನ ನಂಬಿಕೆ.

ಅಳೆದದ್ದನ್ನು ನಮಗೆ ಹೇಳಿ, ಬರೆದು ಕೊಡಿ. ಅಂಕಿಗಳು ನಮಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ರಕ್ತದೊತ್ತಡದ, ಸಕ್ಕರೆಯ ಅಂಕಿಗಳನ್ನು ಓದು ಬಾರದವರೂ ನೆನಪಿಟ್ಟುಕೊಳ್ಳುತ್ತಾರೆ. “ವಸಡು ಸ್ವಲ್ಪ ವೀಕ್ ಇದೆ” ಎಂದರೆ ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. “ಇಲ್ಲಿ ಆರು ಇದೆ, ಮೂರು ಇರಬೇಕಿತ್ತು” ಎಂದರೆ ಯಾರೂ ಮರೆಯುವುದಿಲ್ಲ.

“ಆಗಾಗ” ಎಂಬ ಪದವನ್ನು ದಯವಿಟ್ಟು ಬಿಟ್ಟುಬಿಡಿ. ಮೂರು ತಿಂಗಳಿರಲಿ, ಒಂದು ವರ್ಷವಿರಲಿ, ಎರಡು ವರ್ಷವೇ ಇರಲಿ, ಕಾರಣ ಹೇಳಿ ಒಂದು ದಿನಾಂಕ ಕೊಡಿ. ಬಾರದವರಿಗೆ ಒಂದು ಕರೆ ಮಾಡಿಸಿ. ಆಳವಾದ ಶುಚಿ ಮಾಡಿಸಿಕೊಂಡವರ ಸಂದಿಗಳಿಗೆ ಬ್ಯಾಕ್ಟೀರಿಯಾ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಮರಳುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಅಂಥವರು ಒಮ್ಮೆ ಚಿಕಿತ್ಸೆ ಮುಗಿಸಿ ಕಣ್ಮರೆಯಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅವರನ್ನು ಹುಡುಕಿ ಕರೆಯುವುದೂ ಚಿಕಿತ್ಸೆಯ ಒಂದು ಭಾಗವೇ ಅಲ್ಲವೇ?

ಹಲ್ಲು ಹೋದ ಮೇಲೆ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ನೆಡುವ ಕೃತಕ ಹಲ್ಲು, ಹಾಕಿಸಿ ಎಂದು ನನಗೆ ಬಣ್ಣದ ಕಾಗದ ಕೊಟ್ಟು ವಿವರವಾಗಿ ಹೇಳಿದರು. ಇಂಪ್ಲಾಂಟಿನ ಸುತ್ತಲೂ ಇದೇ ಬಗೆಯ ಕಾಯಿಲೆ ಬರುತ್ತದೆ, ಮೊದಲು ವಸಡಿನ ಕಾಯಿಲೆ ಇದ್ದವರಿಗೆ ಆ ಅಪಾಯ ಹೆಚ್ಚು ಎಂಬುದು ಮಾತ್ರ ಆ ಕಾಗದದಲ್ಲಿರಲಿಲ್ಲ. ಹೊಸದನ್ನು ನೆಡುವುದಕ್ಕೆ ಕೊಟ್ಟಷ್ಟೇ ಸಮಯವನ್ನು ಇದ್ದದ್ದನ್ನು ಉಳಿಸುವುದಕ್ಕೂ ಕೊಡಿ.

ಇದೆಲ್ಲ ನಿಮ್ಮೊಬ್ಬರ ಕೈಯಲ್ಲೇ ಇಲ್ಲ ಎಂಬುದು ನನಗೆ ಗೊತ್ತು. ಹಲ್ಲು ತುಂಬಿದರೆ ಹಣ, ಕೂತು ಮಾತನಾಡಿದರೆ ಇಲ್ಲ ಎಂಬ ವ್ಯವಸ್ಥೆಯನ್ನು ಕಟ್ಟಿದವರು ನೀವಲ್ಲ. ಆದ್ದರಿಂದ ಆರೋಗ್ಯ ಸೇವೆಯ ನಿಯಮ ರೂಪಿಸುವವರಲ್ಲೂ ಕೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ತೀವ್ರ ವಸಡಿನ ಕಾಯಿಲೆ ಇರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ವಸಡಿನ ಅಳತೆ, ಉಜ್ಜುವುದನ್ನು ಕಲಿಸುವುದು, ಚಿಕಿತ್ಸೆಯ ನಂತರದ ಕ್ರಮಬದ್ಧ ಆರೈಕೆ ಇವು ಮೂಲಭೂತ ಸೇವೆಯೊಳಗೆ ಬರಲಿ, ವಿಮೆಯೊಳಗೂ ಬರಲಿ. ಈ ಕೆಲಸಕ್ಕೆಂದೇ ತರಬೇತಿ ಪಡೆದ ಹೈಜಿನಿಸ್ಟ್‌ಗಳು ಹೆಚ್ಚಲಿ. ಅಮೆರಿಕದಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಈ ಕೆಲಸ ಕಲಿಸಿ, 1913ರಲ್ಲಿ ಅದಕ್ಕೊಂದು ಶಾಲೆಯನ್ನೇ ತೆರೆದರು. ನೂರು ವರ್ಷ ಹಳೆಯ ಈ ತಿಳಿವಳಿಕೆ ಇನ್ನೂ ಎಷ್ಟೋ ಕಡೆ ತಲುಪಿಲ್ಲ.

ನನ್ನ ಈಗಿನ ಸ್ಥಿತಿಯನ್ನು ತಿಳಿಸಿ ಮುಗಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಎರಡು ಅಳತೆಯ ಸಂದಿ ಬ್ರಶ್ ಬಳಸುತ್ತೇನೆ, ಅದನ್ನು ಹಿಡಿಯುವುದನ್ನು ಆ ತಜ್ಞೆ ನನ್ನ ಕೈಗೆ ಕನ್ನಡಿ ಕೊಟ್ಟು ಕಲಿಸಿದರು. ಆರು ಇದ್ದ ಕಡೆ ಈಗ ನಾಲ್ಕಿದೆ, ಒಂದೆರಡು ಕಡೆ ಮೂರಕ್ಕೆ ಬಂದಿದೆ. “ರಕ್ತ” ಎಂದು ಬರೆಸುವುದು ಕಡಿಮೆಯಾಗಿದೆ. ಕರಗಿದ ಮೂಳೆ ಬಂದಿಲ್ಲ, ಬರುವುದೂ ಇಲ್ಲ. ನನ್ನ ಮಗನಿಗೆ ಈಗ ಇಪ್ಪತ್ತೆರಡು. ವಸಡಿನ ಕಾಯಿಲೆಗೆ ಮನೆತನದ ಒಲವೂ ಇರುತ್ತದೆ ಎಂದು ಹೇಳಿದ್ದರಿಂದ ಮುಂದಿನ ತಿಂಗಳು ಅವನನ್ನು ಮನೆಯ ಹತ್ತಿರದ ದಂತವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೇನೆ. ಅವನಿಗೆ ನೋವಿಲ್ಲ, ಹುಳುಕಿಲ್ಲ, ತೋರಿಸಲು ಯಾವ ಹಲ್ಲೂ ಇಲ್ಲ. ಏನು ತೊಂದರೆ ಎಂದು ನೀವು ಕೇಳುತ್ತೀರಿ. ಏನೂ ಇಲ್ಲ, ವಸಡನ್ನು ಅಳೆದು ಅಂಕಿ ಬರೆದುಕೊಡಿ ಎನ್ನುತ್ತೇನೆ. ದಯವಿಟ್ಟು ಅವನನ್ನು ಹಾಗೇ ಹಿಂದಕ್ಕೆ ಕಳಿಸಬೇಡಿ.

ಇತಿ,
ತಮ್ಮ ವಿಶ್ವಾಸಿ,
ನಿಮ್ಮ ಕುರ್ಚಿಯಲ್ಲಿ ಏಳು ಸಲ ಮಲಗಿದ್ದ ಒಬ್ಬ ರೋಗಿ